ಮಾತಿನ ಅಂಕ, ಮಾತುಕತೆಯ ಅಳತೆ: ಸ್ಟ್ರೋಕ್ ನಂತರದ ಅಫೇಸಿಯಾವನ್ನು ನಾವು ಅಳೆಯುತ್ತಿರುವ ಬಗೆ

ಬ್ರಿಟನ್ನಿನಲ್ಲಿ ನಡೆದ ‘ಬಿಗ್ ಕ್ಯಾಕ್ಟಸ್’ ಎಂಬ ಪ್ರಯೋಗದ ಫಲಿತಾಂಶ 2019ರಲ್ಲಿ ‘ಲ್ಯಾನ್ಸೆಟ್ ನ್ಯೂರಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸ್ಟ್ರೋಕ್ ಆಗಿ ಕನಿಷ್ಠ ನಾಲ್ಕು ತಿಂಗಳು ಕಳೆದಿದ್ದ, ಪದ ಸಿಗದೆ ಒದ್ದಾಡುತ್ತಿದ್ದ 278 ಜನ ಅದರಲ್ಲಿದ್ದರು. ಅವರಲ್ಲಿ ಒಂದು ಗುಂಪಿನವರು ತಮ್ಮ ದಿನನಿತ್ಯಕ್ಕೆ ಬೇಕಾದ ನೂರು ಪದಗಳನ್ನು ಆರಿಸಿಕೊಂಡು, ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಆರು ತಿಂಗಳು ಅಭ್ಯಾಸ ಮಾಡಿದರು. ಕೊನೆಗೆ ಪರೀಕ್ಷೆ ಮಾಡಿದಾಗ, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಅವರು ಆ ಪದಗಳಲ್ಲಿ ಶೇ 16.2ರಷ್ಟು ಹೆಚ್ಚು ಸುಧಾರಿಸಿದ್ದರು. ಅದೇ ಜನ ಇನ್ನೊಬ್ಬರೊಂದಿಗೆ ಮಾತಾಡುತ್ತಿದ್ದ ವಿಡಿಯೊಗಳನ್ನೂ ತೆಗೆದಿದ್ದರು. ಯಾರು ಯಾವ ಗುಂಪಿನವರೆಂದು ತಿಳಿಯದ ಥೆರಪಿಸ್ಟ್‌ಗಳು ಆ ವಿಡಿಯೊ ನೋಡಿ ಅಂಕ ಹಾಕಿದರೆ ಗುಂಪುಗಳ ನಡುವೆ ವ್ಯತ್ಯಾಸವೇ ಇರಲಿಲ್ಲ.

ಪದಗಳು ಮರಳಿ ಬಂದವು, ಮಾತುಕತೆ ಇದ್ದಲ್ಲೇ ಉಳಿಯಿತು. ಇದನ್ನು ಚಿಕಿತ್ಸೆ ಫಲಿಸಿತು ಎನ್ನಬೇಕೋ ಇಲ್ಲವೋ? ಉತ್ತರ ನಾವು ಯಾವ ಅಳತೆಗೋಲು ಹಿಡಿದಿದ್ದೇವೆ ಎಂಬುದರ ಮೇಲೆ ನಿಂತಿದೆ. ಮೆದುಳಿನ ಎಡಭಾಗಕ್ಕೆ ಪೆಟ್ಟುಬಿದ್ದು ಭಾಷೆ ಕೈಕೊಟ್ಟವರ, ಅಂದರೆ ಅಫೇಸಿಯಾ ಬಂದವರ ಬದುಕಿನಲ್ಲಿ ಈ ಅಳತೆಗೋಲು ಸಣ್ಣ ವಿಷಯವಲ್ಲ. ಥೆರಪಿ ಮುಂದುವರಿಯಬೇಕೇ, ನಿಲ್ಲಿಸಬಹುದೇ, ಅಂಗವಿಕಲತೆಯ ಪ್ರಮಾಣಪತ್ರದಲ್ಲಿ ಎಷ್ಟು ಶೇಕಡಾ ಬರೆಯಬೇಕು, ಮನೆಯವರು ಎಷ್ಟು ಆಸೆ ಇಟ್ಟುಕೊಳ್ಳಬಹುದು, ಎಲ್ಲವೂ ಅದರಿಂದಲೇ ತೀರ್ಮಾನವಾಗುತ್ತದೆ.

ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮೊದಲ ದಿನಗಳಲ್ಲಿ ಅಫೇಸಿಯಾ ಇರುತ್ತದೆ. ನಮ್ಮ ಕಡೆ ಇದನ್ನು ‘ಲಕ್ವ ಹೊಡೆದು ಮಾತು ಬಿದ್ದುಹೋಯಿತು’ ಎಂದುಬಿಡುತ್ತಾರೆ. ಬಿದ್ದುಹೋಗುವುದು ಬರೀ ಬಾಯಿಮಾತಲ್ಲ. ಕೇಳಿದ್ದು ಅರ್ಥವಾಗುವುದು, ಓದು, ಬರಹ, ಹೆಸರು ಹಿಡಿದು ಕರೆಯುವುದು ಎಲ್ಲಕ್ಕೂ ಹೆಚ್ಚುಕಡಿಮೆ ಪೆಟ್ಟು ಬಿದ್ದಿರುತ್ತದೆ. ಬುದ್ಧಿ ಹೋಗಿರುವುದಿಲ್ಲ. ಮನೆಯ ಲೆಕ್ಕಾಚಾರ, ಯಾರ ಮೇಲೆ ಯಾರಿಗೆ ಮುನಿಸಿದೆ, ಯಾವ ಹೊಲಕ್ಕೆ ಯಾವಾಗ ನೀರು ಬಿಡಬೇಕು ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ. ಅದನ್ನು ಹೊರಗೆ ತರುವ ದಾರಿ ಮುಚ್ಚಿರುತ್ತದೆ. ಅಫೇಸಿಯಾ ಇರುವವರನ್ನು ಮಂಕುಬಡಿದವರೆಂದೋ ಅರಳುಮರಳು ಹಿಡಿದವರೆಂದೋ ಕಾಣುವುದು ನಮ್ಮಲ್ಲಿ ಇನ್ನೂ ಎಷ್ಟು ಮಾಮೂಲಿ ಎಂಬುದನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ.

ಆಸ್ಪತ್ರೆಯಲ್ಲಿ ಮೊದಲ ಅಳತೆ ಎನ್‌ಐಎಚ್‌ಎಸ್‌ಎಸ್. ಸ್ಟ್ರೋಕ್ ಎಷ್ಟು ತೀವ್ರ ಎಂದು ಅಳೆಯುವ, ಒಟ್ಟು 42 ಅಂಕದ ಈ ಪಟ್ಟಿಯಲ್ಲಿ ಭಾಷೆಗೆ ಮೀಸಲಾದ ಅಂಕಣಕ್ಕೆ ಸಿಗುವುದು 0ರಿಂದ 3. ತುರ್ತಿನಲ್ಲಿ ಅಷ್ಟು ಸಾಕು. ನಿಜವಾದ ಭಾಷಾ ಪರೀಕ್ಷೆ ಆಮೇಲೆ ಶುರುವಾಗುತ್ತದೆ, ಮತ್ತು ಅಲ್ಲಿ ಲೋಕವಿಡೀ ಹೆಚ್ಚು ಬಳಕೆಯಲ್ಲಿರುವ ಹೆಸರು ‘ವೆಸ್ಟರ್ನ್ ಅಫೇಸಿಯಾ ಬ್ಯಾಟರಿ’, ಅಂದರೆ ಡಬ್ಲ್ಯುಎಬಿ. ಕೆನಡಾದ ನರತಜ್ಞ ಆಂಡ್ರ್ಯೂ ಕೆರ್ಟೆಜ್ ರೂಪಿಸಿದ ಈ ಪರೀಕ್ಷೆ 1982ರಲ್ಲಿ ಪ್ರಕಟವಾಯಿತು. ಇದರ ಲೆಕ್ಕ ಸರಳ: ಸಹಜವಾಗಿ ಮಾತಾಡುವುದಕ್ಕೆ 20, ಕೇಳಿ ಅರ್ಥಮಾಡಿಕೊಳ್ಳುವುದಕ್ಕೆ 10, ಹೇಳಿದ್ದನ್ನು ತಿರುಗಿ ಹೇಳುವುದಕ್ಕೆ 10, ಹೆಸರಿಸುವುದಕ್ಕೆ 10. ಒಟ್ಟು 50ನ್ನು ಎರಡರಿಂದ ಗುಣಿಸಿದರೆ ನೂರಕ್ಕೆ ಸಿಗುವ ಅಂಕವೇ ‘ಅಫೇಸಿಯಾ ಕೋಶಂಟ್’, ಎಕ್ಯು. 93.8ಕ್ಕಿಂತ ಕೆಳಗಿದ್ದರೆ ಅಫೇಸಿಯಾ ಇದೆ ಎಂದು ಲೆಕ್ಕ.

ಇದರ ಒಂದು ತುಣುಕನ್ನು ಹತ್ತಿರದಿಂದ ನೋಡೋಣ. ಹೆಸರಿಸುವ ಭಾಗದಲ್ಲಿ ಇಪ್ಪತ್ತು ವಸ್ತುಗಳನ್ನು ಒಂದೊಂದಾಗಿ ಎದುರಿಗಿಟ್ಟು ‘ಇದೇನು?’ ಎಂದು ಕೇಳುತ್ತಾರೆ. ಸರಿಯಾಗಿ ಹೇಳಿದರೆ 3 ಅಂಕ, ಗುರುತು ಸಿಗುವಷ್ಟು ತಪ್ಪಾಗಿ ಹೇಳಿದರೆ 2, ಕೈಗೆ ಕೊಟ್ಟು ಮುಟ್ಟಿಸಿದ ಮೇಲೋ ಮೊದಲ ಅಕ್ಷರದ ಸುಳಿವು ಕೊಟ್ಟ ಮೇಲೋ ಹೇಳಿದರೆ 1. ಅಫೇಸಿಯಾ ಇರುವ ಒಬ್ಬ ಹೆಂಗಸಿನ ಮುಂದೆ ಬಾಚಣಿಗೆ ಇಟ್ಟಿದ್ದಾರೆ ಎಂದುಕೊಳ್ಳಿ. ಆ ಹೆಂಗಸು ಅದನ್ನು ನೋಡುತ್ತಾರೆ, ‘ಅದು… ಅದೇ… ಬಾ… ಅಯ್ಯೋ’ ಎನ್ನುತ್ತಾರೆ, ಕೈ ಎತ್ತಿ ತಲೆ ಬಾಚುವ ಹಾಗೆ ಮಾಡುತ್ತಾರೆ, ಮಗಳ ಜಡೆ ತೋರಿಸುತ್ತಾರೆ, ನಗುತ್ತಾರೆ. ಆ ಕೋಣೆಯಲ್ಲಿದ್ದ ಎಲ್ಲರಿಗೂ ಅರ್ಥವಾಗಿದೆ. ಅಂಕ ಸೊನ್ನೆ.

ಪರೀಕ್ಷೆಯ ದೃಷ್ಟಿಯಿಂದ ಆ ಸೊನ್ನೆ ಸರಿಯೇ. ಡಬ್ಲ್ಯುಎಬಿ ಕೇಳುತ್ತಿರುವುದು ಭಾಷೆಯ ಯಂತ್ರದ ಯಾವ ಭಾಗ ಕೆಟ್ಟಿದೆ ಎಂದು; ಅದಕ್ಕೆ ಸನ್ನೆ ಉತ್ತರವಾಗುವುದಿಲ್ಲ. ಬೇರೆಬೇರೆ ಊರಿನ ರೋಗಿಗಳನ್ನು ಹೋಲಿಸಲು, ಆರು ತಿಂಗಳ ನಂತರ ಅದೇ ವ್ಯಕ್ತಿಯನ್ನು ಮತ್ತೆ ನೋಡಲು ಇಂಥ ಸ್ಥಿರ ಅಳತೆ ಬೇಕೇ ಬೇಕು. ಎಕ್ಯುನಲ್ಲಿ 5 ಅಂಕದಷ್ಟು ಏರಿಕೆಯಾದರೆ ಅದನ್ನು ಲೆಕ್ಕಕ್ಕೆ ತಕ್ಕ ಬದಲಾವಣೆ ಎಂದು ತಜ್ಞರು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ತೊಂದರೆ ಬರುವುದು ಈ ಒಂದು ಅಂಕವನ್ನೇ ‘ಇವರು ಎಷ್ಟರಮಟ್ಟಿಗೆ ಸಂವಹನ ನಡೆಸಬಲ್ಲರು’ ಎಂಬ ಪ್ರಶ್ನೆಗೂ ಉತ್ತರವೆಂದು ಓದಿದಾಗ. ಅದಕ್ಕೆಂದು ಈ ಪರೀಕ್ಷೆಯನ್ನು ಮಾಡಿಯೇ ಇಲ್ಲ.

ಈ ಅಂತರವನ್ನು ಮೊದಲು ಗಟ್ಟಿಯಾಗಿ ಎತ್ತಿ ತೋರಿಸಿದವರಲ್ಲಿ ಅಮೆರಿಕದ ಆಡ್ರಿ ಹಾಲೆಂಡ್ ಪ್ರಮುಖರು. ಅಫೇಸಿಯಾ ಇರುವವರು ಮಾತಾಡುವುದಕ್ಕಿಂತ ಚೆನ್ನಾಗಿ ಸಂವಹನ ನಡೆಸುತ್ತಾರೆ ಎಂಬುದು 1970ರ ದಶಕದಲ್ಲೇ ಅವರ ವಾದವಾಗಿತ್ತು. 1980ರಲ್ಲಿ ಅವರು ತಂದ ಸಿಎಡಿಎಲ್ ಪರೀಕ್ಷೆ ದಿನನಿತ್ಯದ ಸಂದರ್ಭಗಳನ್ನು ನಟಿಸಿ ತೋರಿಸಿತು. ವಿಷಯ ಮುಟ್ಟಿತೇ ಎಂದು ನೋಡಿತು, ಬಾಯಿಂದಲೇ ಮುಟ್ಟಬೇಕು ಎಂದು ಹಟ ಹಿಡಿಯಲಿಲ್ಲ. 1989ರಲ್ಲಿ ಕೆನಡಾದಿಂದ ಸಿಇಟಿಐ ಬಂತು. ಇದರಲ್ಲಿ ರೋಗಿಗೆ ಪರೀಕ್ಷೆಯೇ ಇಲ್ಲ. ಅವರ ಜತೆ ಬದುಕುವವರು 16 ವಿಷಯಗಳಿಗೆ ಒಂದು ಗೆರೆಯ ಮೇಲೆ ಗುರುತು ಹಾಕುತ್ತಾರೆ, ಯಾರದಾದರೂ ಗಮನ ಸೆಳೆಯುವುದರಿಂದ ಹಿಡಿದು ಒಂದು ವಿಷಯವನ್ನು ಆಳವಾಗಿ ಚರ್ಚಿಸುವವರೆಗೆ. ನೆದರ್ಲೆಂಡ್ಸ್‌ನ ಎಎನ್‌ಇಎಲ್‌ಟಿಯಲ್ಲಿ ಹತ್ತು ಸಂದರ್ಭಗಳು. ಲಾಂಡ್ರಿಯವರು ಅಂಗಿಯನ್ನು ಸುಟ್ಟ ಕಲೆಯೊಂದಿಗೆ ವಾಪಸು ಕೊಟ್ಟಿದ್ದಾರೆ, ಏನು ಹೇಳುತ್ತೀರಿ? ಹುಡುಗರು ನಿಮ್ಮ ಅಂಗಳದಲ್ಲಿ ಚೆಂಡಾಡುತ್ತಿದ್ದಾರೆ, ಮೊದಲೇ ಬೇಡ ಎಂದಿದ್ದಿರಿ, ಈಗ ಏನು ಹೇಳುತ್ತೀರಿ? ಹೇಳಿದ್ದರ ವಿಷಯ ಎಷ್ಟು ಮುಟ್ಟಿತು ಎಂದು ಐದು ಹಂತದಲ್ಲಿ ಅಂಕ.

ಆದರೂ ಎಎನ್‌ಇಎಲ್‌ಟಿ ಬಾಯಿಮಾತಿಗೇ ಅಂಟಿಕೊಂಡಿತ್ತು. ಅದೇ ದೇಶದಲ್ಲಿ ಆಮೇಲೆ ಬಂದ ‘ಸಿನಾರಿಯೊ ಟೆಸ್ಟ್’ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅಂಗಡಿಗೆ ಹೋಗುವುದು, ಡಾಕ್ಟರನ್ನು ಕಾಣುವುದು, ಹೋಟೆಲಿನಲ್ಲಿ ಕೂರುವುದು ಇಂಥ ಆರು ದೃಶ್ಯಗಳು, ಒಂದೊಂದರಲ್ಲಿ ಮೂರು ಪ್ರಶ್ನೆ. ಮಾತು, ಸನ್ನೆ, ಚಿತ್ರ, ಬರಹ, ಬೆರಳು ತೋರಿಸುವುದು ಯಾವುದಾದರೂ ಸರಿ. ನೆರವಿಲ್ಲದೆ ವಿಷಯ ಮುಟ್ಟಿಸಿದರೆ 3. ‘ಬರೆದು ತೋರಿಸುತ್ತೀರಾ?’ ಎಂದು ಹುರಿದುಂಬಿಸಿದ ಮೇಲೆ ಬೇರೆ ದಾರಿ ಹಿಡಿದು ಮುಟ್ಟಿಸಿದರೆ 2. ಎದುರಿಗಿರುವವರು ಹೌದು–ಇಲ್ಲ ಪ್ರಶ್ನೆ ಕೇಳಿ ಹೊರತೆಗೆಯಬೇಕಾಗಿ ಬಂದರೆ 1. ನನಗೆ ಈ ಪರೀಕ್ಷೆಯಲ್ಲಿ ಅತ್ಯಂತ ಮುಖ್ಯವೆನಿಸುವುದು ಆ 2 ಮತ್ತು 1ರ ನಡುವಿನ ಜಾಗ. ಎದುರಿಗಿರುವವರು ಎಷ್ಟು ಭಾರ ಹೊರುತ್ತಿದ್ದಾರೆ ಎಂಬುದು ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಮಾತುಕತೆಯನ್ನು ಒಬ್ಬರ ಒಳಗಿರುವ ಶಕ್ತಿಯೆಂದು ನೋಡದೆ ಇಬ್ಬರು ಸೇರಿ ಮಾಡುವ ಕೆಲಸವೆಂದು ನೋಡಿದರೆ ಮಾತ್ರ ಹೀಗೆ ಅಂಕ ಹಾಕಲು ಸಾಧ್ಯ.

ಸಂಶೋಧಕರಿಗೂ ಈ ವಿಷಯದಲ್ಲಿ ಒಮ್ಮತಕ್ಕೆ ಬರುವುದು ಸುಲಭವಾಗಲಿಲ್ಲ. ಅಫೇಸಿಯಾ ಪ್ರಯೋಗಗಳೆಲ್ಲ ಒಂದೇ ಬಗೆಯ ಅಳತೆ ಬಳಸಲಿ ಎಂದು ಹಲವು ದೇಶಗಳ ತಜ್ಞರು ಸೇರಿ ‘ರೋಮಾ’ ಎಂಬ ಪ್ರಯತ್ನ ಕೈಗೊಂಡರು. 2019ರ ಅವರ ಹೇಳಿಕೆಯಲ್ಲಿ ಭಾಷೆಗೆ ಡಬ್ಲ್ಯುಎಬಿಯ ಪರಿಷ್ಕೃತ ರೂಪ, ಮನಸ್ಸಿನ ಸ್ಥಿತಿಗೆ ಜಿಎಚ್‌ಕ್ಯು-12, ಜೀವನದ ಗುಣಮಟ್ಟಕ್ಕೆ ಎಸ್‌ಎಕ್ಯುಒಎಲ್-39 ಎಂದು ತೀರ್ಮಾನವಾಯಿತು. ಸಂವಹನಕ್ಕೆ ಯಾವುದು? ಆ ಜಾಗ ಖಾಲಿ ಉಳಿಯಿತು. ಅದನ್ನು ತುಂಬಲೆಂದೇ ಮತ್ತೊಂದು ಸುತ್ತಿನ ಸಭೆ ನಡೆದು, ಸಿನಾರಿಯೊ ಟೆಸ್ಟ್ ಆಯ್ಕೆಯಾಯಿತು. ಅಫೇಸಿಯಾ ಬಂದವರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಿರುವ ಸಾಮರ್ಥ್ಯವನ್ನು ಅಳೆಯುವ ಕೋಲು ಎಲ್ಲಕ್ಕಿಂತ ಕೊನೆಗೆ ಸಿಕ್ಕಿತು.

ತಡವಾದದ್ದಕ್ಕೆ ಕಾರಣವಿದೆ. ಮಾತುಕತೆ ಒಬ್ಬರಿಂದ ಒಬ್ಬರಿಗೆ, ಹೊತ್ತಿನಿಂದ ಹೊತ್ತಿಗೆ ಬದಲಾಗುತ್ತದೆ. ಇವತ್ತು ನಿದ್ದೆಗೆಟ್ಟಿದ್ದರೆ ಒಂದು ಅಂಕ, ನಾಳೆ ಮೊಮ್ಮಗಳು ಎದುರಿಗಿದ್ದರೆ ಇನ್ನೊಂದು. ಬ್ರಿಟನ್ನಿನಲ್ಲೇ 2012ರಲ್ಲಿ ಪ್ರಕಟವಾದ ‘ಆಕ್ಟ್ ನೌ’ ಪ್ರಯೋಗದಲ್ಲಿ 170 ಜನರಿದ್ದರು. ಅರ್ಧ ಜನರಿಗೆ ಸ್ಪೀಚ್ ಥೆರಪಿ. ಉಳಿದರ್ಧ ಜನರ ಬಳಿ ಥೆರಪಿ ಕಲಿಯದ, ಸಂಬಳಕ್ಕೆ ನೇಮಿಸಿದ ಜನ ಬಂದು ಹೊತ್ತು ಕಳೆದರು. ಆರು ತಿಂಗಳಿಗೆ ಮಾತುಕತೆಯ ವಿಡಿಯೊ ಅಂಕಗಳಲ್ಲಿ ಎರಡೂ ಗುಂಪು ಸಮ. ‘ಹಾಗಾದರೆ ಥೆರಪಿ ಏಕೆ?’ ಎಂಬ ಪ್ರಶ್ನೆ ಎದ್ದಿತು. ನಿಯಮಿತವಾಗಿ ಯಾರಾದರೂ ಬಂದು ಮಾತಾಡಿಸುವುದೇ ಒಂದು ಮದ್ದು ಎಂದು ಓದುವುದಕ್ಕೂ ಅದೇ ಫಲಿತಾಂಶದಲ್ಲಿ ಜಾಗವಿದೆ. ಇನ್ನೊಂದು ಕಡೆ, 2017ರಲ್ಲಿ ಪ್ರಕಟವಾದ, ಜರ್ಮನಿಯಲ್ಲಿ 156 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಸ್ಟ್ರೋಕ್ ಆಗಿ ಆರು ತಿಂಗಳು ಮೀರಿದವರಿಗೆ ಮೂರು ವಾರ, ವಾರಕ್ಕೆ ಹತ್ತು ಗಂಟೆಗೂ ಮೇಲ್ಪಟ್ಟು ಥೆರಪಿ ಕೊಟ್ಟಾಗ ಎಎನ್‌ಇಎಲ್‌ಟಿಯಲ್ಲಿ ಸರಾಸರಿ 2.61 ಅಂಕ ಏರಿತು. ಕಾಯಲು ಹೇಳಿದ್ದ ಗುಂಪಿನಲ್ಲಿ ಏರಿಕೆಯೇ ಇರಲಿಲ್ಲ. ತೀವ್ರವಾಗಿ ಕೊಟ್ಟ ಥೆರಪಿ ದಿನನಿತ್ಯದ ಮಾತಿಗೂ ಮುಟ್ಟುತ್ತದೆ ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ. ನಮ್ಮ ಆಸ್ಪತ್ರೆಗಳಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ಥೆರಪಿ ಕೊಟ್ಟು ‘ಇವರಿಗೆ ಇಷ್ಟೇ’ ಎನ್ನುವ ಮೊದಲು ಈ ಗಂಟೆಗಳ ಲೆಕ್ಕವನ್ನು ಯೋಚಿಸಬೇಕು.

ಮಾತುಕತೆಯಲ್ಲಿ ಎದುರಿಗಿರುವವರ ಪಾಲು ಎಷ್ಟು ಎಂಬುದಕ್ಕೆ ಟೊರಾಂಟೊದ ಔರಾ ಕೇಗನ್ ಮತ್ತು ಸಂಗಡಿಗರ 2001ರ ಅಧ್ಯಯನವನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. 40 ಸ್ವಯಂಸೇವಕರಲ್ಲಿ ಅರ್ಧ ಜನರಿಗೆ ಅಫೇಸಿಯಾ ಇರುವವರ ಜತೆ ಹೇಗೆ ಮಾತಾಡಬೇಕೆಂಬ ತರಬೇತಿ ಕೊಟ್ಟರು. ಮುಖ್ಯ ಪದಗಳನ್ನು ಬರೆದು ತೋರಿಸುವುದು, ಉತ್ತರಕ್ಕೆ ಕಾಯುವುದು, ಅರ್ಥವಾದದ್ದನ್ನು ಖಚಿತಪಡಿಸಿಕೊಳ್ಳುವುದು ಇಂಥವು. ರೋಗಿಗಳಿಗೆ ಯಾವ ತರಬೇತಿಯೂ ಇಲ್ಲ. ಆದರೂ ತರಬೇತಿ ಪಡೆದವರ ಎದುರು ಕೂತ ರೋಗಿಗಳ ಸಂವಹನದ ಅಂಕವೇ ಏರಿತು. ಅವರ ಮೆದುಳಿನಲ್ಲಿ ಅಷ್ಟರಲ್ಲಿ ಏನೂ ಬದಲಾಗಿರಲಿಲ್ಲ.

ಇದನ್ನು ನಮ್ಮ ಮನೆಗಳಿಗೆ ತಂದು ನೋಡಿ. ಮಗ ಕೇಳುತ್ತಾನೆ, ‘ಅಪ್ಪಾ, ಮಾತ್ರೆ ತಗೊಂಡ್ರಾ?’ ಅಪ್ಪ ‘ಹೌದು’ ಎನ್ನುತ್ತಾರೆ, ತಲೆ ಮಾತ್ರ ಇಲ್ಲವೆಂದು ಆಡುತ್ತದೆ. ‘ಹೌದೋ ಇಲ್ವೋ, ಸರಿಯಾಗಿ ಹೇಳಿ.’ ಅಪ್ಪ ಮತ್ತೆ ‘ಹೌದು, ಹೌದು’ ಎನ್ನುತ್ತಾ ಸಿಡಿಮಿಡಿಗೊಳ್ಳುತ್ತಾರೆ. ಅಫೇಸಿಯಾದಲ್ಲಿ ಹೌದು–ಇಲ್ಲ ಅದಲುಬದಲಾಗುವುದು ಬಹಳ ಸಾಮಾನ್ಯ. ಅಷ್ಟರಲ್ಲಿ ಅಮ್ಮ ಬಂದು ಮಾತ್ರೆಯ ಪಟ್ಟಿಯನ್ನು ಕೈಗೆ ಕೊಟ್ಟು ಸುಮ್ಮನೆ ನಿಲ್ಲುತ್ತಾರೆ. ಅಪ್ಪ ರಾತ್ರಿಯ ಗುಳಿಗೆಯ ಖಾಲಿ ಗುಳಿಯ ಮೇಲೆ ಬೆರಳಿಟ್ಟು, ಬೆಳಗಿನ ತುಂಬಿದ ಗುಳಿಯ ಮೇಲೆ ಬೆರಳಿಟ್ಟು, ಇಲ್ಲ ಎಂದು ಕೈಯಾಡಿಸುತ್ತಾರೆ. ರಾತ್ರಿಯದು ಆಗಿದೆ, ಬೆಳಗಿನದು ಆಗಿಲ್ಲ. ಮಗನ ಎದುರು ಈ ಮನುಷ್ಯನ ಸಂವಹನ ಸಾಮರ್ಥ್ಯ ಕಡಿಮೆ, ಹೆಂಡತಿಯ ಎದುರು ಹೆಚ್ಚು. ಒಂದೇ ಎಕ್ಯು ಎರಡಕ್ಕೂ. ತುಂಬಿದ ಮನೆಗಳಲ್ಲಿ ಇನ್ನೊಂದು ಅಪಾಯವೂ ಇದೆ. ಡಾಕ್ಟರ್ ಪ್ರಶ್ನೆ ಕೇಳುವ ಮೊದಲೇ ‘ಅವರಿಗೇನು ಗೊತ್ತಾಗುತ್ತೆ, ನಾನು ಹೇಳ್ತೀನಿ ಸಾರ್’ ಎಂದು ಯಾರೋ ಮುಂದೆ ಬರುತ್ತಾರೆ. ಪ್ರೀತಿಯಿಂದಲೇ ಬರುತ್ತಾರೆ. ಆ ಪ್ರೀತಿಯಲ್ಲಿ ರೋಗಿಗೆ ಮಾತಾಡುವ ಸರದಿ ಸಿಗುವುದೇ ಇಲ್ಲ.

ಮನೆಯವರ ಅಂದಾಜನ್ನೇ ನೆಚ್ಚುವುದೂ ಕಷ್ಟ. ಜೀವನದ ಗುಣಮಟ್ಟದ ಪ್ರಶ್ನಾವಳಿಗಳಲ್ಲಿ ಅಫೇಸಿಯಾ ಇರುವವರು ತಮ್ಮ ಸ್ಥಿತಿಗೆ ಕೊಟ್ಟುಕೊಳ್ಳುವ ಅಂಕಕ್ಕಿಂತ ಮನೆಯವರು ಕೊಡುವ ಅಂಕ ಕೆಳಗಿರುತ್ತದೆ ಎಂಬುದು ಕಂಡುಬಂದಿದೆ. ಆದ್ದರಿಂದ ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ, ಚಿಕ್ಕ ವಾಕ್ಯದಲ್ಲಿ, ಚಿತ್ರದೊಂದಿಗೆ ಕೊಟ್ಟು ರೋಗಿಯನ್ನೇ ಕೇಳುವ ದಾರಿ ಹುಡುಕಬೇಕಾಗುತ್ತದೆ.

ಕನ್ನಡದಲ್ಲಿ ನಾವು ಬರಿಗೈಯಲ್ಲಿ ನಿಂತಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕ್ಷೇತ್ರದಲ್ಲಿ ದುಡಿಯುತ್ತಿದೆ; ಡಬ್ಲ್ಯುಎಬಿಯ ಕನ್ನಡ ರೂಪ ಅಲ್ಲಿಂದ ಬಂದಿದೆ. ಆ ಕನ್ನಡ ರೂಪಕ್ಕೂ ಬಹಳ ಮೊದಲು, 1980ರಲ್ಲೇ, ಪ್ರತಿಭಾ ಕಾರಂತರು ಕನ್ನಡಕ್ಕೆಂದೇ ‘ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್’ ರೂಪಿಸಿದ್ದರು. ಮಿಶೆಲ್ ಪರಾಡಿಸ್ ಅವರ ದ್ವಿಭಾಷಾ ಅಫೇಸಿಯಾ ಪರೀಕ್ಷೆಗೂ ಕನ್ನಡ ರೂಪವಿದೆ. ಎಸ್‌ಎಕ್ಯುಒಎಲ್-39ರ ಕನ್ನಡ ರೂಪದ ವಿಶ್ವಾಸಾರ್ಹತೆಯನ್ನು ಪರಿಶೀಲಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಗಿದೆ. ದೇಶದ ಹಲವು ಭಾಷೆಗಳಿಗೆ ಇಷ್ಟೂ ಇಲ್ಲ.

ಆದರೆ ಇಂಗ್ಲಿಷಿನಿಂದ ಬಂದ ಲೆಕ್ಕದ ಕ್ರಮಗಳು ಕನ್ನಡದ ಮೈಗೆ ಹಾಗೇ ಹೊಂದುವುದಿಲ್ಲ. ಮಾತಿನ ಹರಿವನ್ನು ಅಳೆಯುವಾಗ ಒಂದು ಉಸಿರಿಗೆ ಎಷ್ಟು ಪದ ಬಂತು ಎಂದು ನೋಡುವುದು ವಾಡಿಕೆ. ಒಬ್ಬ ರೈತ ‘ಹೋಗ್ಬೇಕಿತ್ತು’ ಎಂದರೆ ಅದು ಒಂದು ಪದ. ಅದರೊಳಗೆ ಕ್ರಿಯೆ ಇದೆ, ಅಗತ್ಯ ಇದೆ, ಕಾಲ ಇದೆ. ಅದನ್ನೇ ಇಂಗ್ಲಿಷಿನವನು ಹೇಳಲು ನಾಲ್ಕು ಪದ ಬೇಕು. ‘ಬಂದ್ಳು’ ಎಂದಾಗ ಬಂದದ್ದು ಹೆಂಗಸು, ಒಬ್ಬಳೇ, ಹತ್ತಿರದವಳು ಎಂಬುದೆಲ್ಲ ಪ್ರತ್ಯಯದಲ್ಲೇ ತಿಳಿಯುತ್ತದೆ; ಕರ್ತೃಪದ ಬಿಟ್ಟರೂ ವಾಕ್ಯ ಪೂರ್ತಿ. ಪದ ಎಣಿಸುವವರ ಕಣ್ಣಿಗೆ ಇದು ‘ತುಂಡು ಮಾತು’. ನಿಜವಾದ ಪೆಟ್ಟು ಬಿದ್ದಿರುವಾಗ ಕಾಣುವುದು ಬೇರೆ: ಪ್ರತ್ಯಯಗಳು ತಪ್ಪುತ್ತವೆ, ‘ಅತ್ತೆ ಬಂದ’ ಎನ್ನುವಂತಾಗುತ್ತದೆ, ‘ನೀವು’ ಎನ್ನಬೇಕಾದಲ್ಲಿ ‘ನೀನು’ ಬಂದು ಸೊಸೆ ನೊಂದುಕೊಳ್ಳುತ್ತಾಳೆ ಅಥವಾ ಹಿರಿಯರು ಸಿಟ್ಟಾಗುತ್ತಾರೆ. ಮರ್ಯಾದೆಯ ರೂಪ ತಪ್ಪುವುದು ನಮ್ಮ ಸಮಾಜದಲ್ಲಿ ಸಂವಹನ ಮುರಿಯುವ ದೊಡ್ಡ ಕಾರಣ. ಇದನ್ನು ಅಳೆಯುವ ಅಂಕಣ ಆಮದಾದ ಪಟ್ಟಿಯಲ್ಲಿ ಸಿಗದು.

ಭಾಷೆ ಒಂದೇ ಅಲ್ಲದಿರುವುದು ಇನ್ನೊಂದು ತೊಡಕು. ಹೈದರಾಬಾದಿನಲ್ಲಿ ಸ್ಟ್ರೋಕ್ ಆದ 608 ಜನರನ್ನು ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರು. ಕರ್ನಾಟಕದಲ್ಲೂ ಹಾಗೆಯೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬ್ಯಾಂಕಿನ ಕೆಲಸದಲ್ಲಿ ಇಂಗ್ಲಿಷ್ ಆಡಿದ ಮಂಗಳೂರಿನ ಒಬ್ಬರನ್ನು ಯಾವ ಭಾಷೆಯಲ್ಲಿ ಪರೀಕ್ಷಿಸಬೇಕು? ಮೊದಲು ಕಲಿತದ್ದು ಮೊದಲು ಮರಳುತ್ತದೆ ಎಂದು ಫ್ರೆಂಚ್ ಚಿಂತಕ ರಿಬೊ ಅಂದಿದ್ದರು. ಪೆಟ್ಟುಬೀಳುವ ಹೊತ್ತಿಗೆ ಹೆಚ್ಚು ಬಳಕೆಯಲ್ಲಿದ್ದದ್ದು ಮೊದಲು ಮರಳುತ್ತದೆ ಎಂದು 1895ರಲ್ಲಿ ಪಿಟ್ರೆ ಅಂದರು. ಎರಡಕ್ಕೂ ಉದಾಹರಣೆಗಳು ಸಿಗುತ್ತವೆ, ಎರಡನ್ನೂ ಮುರಿಯುವ ಉದಾಹರಣೆಗಳೂ ಸಿಗುತ್ತವೆ. ಮೇಲಾಗಿ ನಮ್ಮವರು ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆಸಿ ಆಡುತ್ತಾರೆ. ‘ಚಮಚ’ ಸಿಗದೆ ‘ಸ್ಪೂನ್’ ಎಂದರೆ ಅದು ತಪ್ಪಲ್ಲ. ಒಂದೇ ಭಾಷೆಯ ಕಟ್ಟುನಿಟ್ಟಿನ ಪರೀಕ್ಷೆ ಅದನ್ನು ತಪ್ಪೆಂದು ಬಗೆದರೆ ರೋಗಿಯ ಅರ್ಧ ಸಾಮರ್ಥ್ಯ ಕಾಗದದ ಮೇಲೆ ಮಾಯವಾಗುತ್ತದೆ. ಓದು ಬಾರದವರ ಕಥೆಯೂ ಇದೇ. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇ 75.36, ಸ್ಟ್ರೋಕ್ ಹೆಚ್ಚಾಗಿ ಕಾಡುವ ವಯಸ್ಸಾದವರಲ್ಲಿ ಅದು ಇನ್ನೂ ಕಡಿಮೆ. ಹುಟ್ಟಿನಿಂದ ಓದದವರನ್ನು ಓದಿಸಿ ನೋಡಿ ಏನನ್ನು ಕಳೆದುಕೊಂಡರೆಂದು ಹೇಳಲಾಗದು.

ಈ ಎಲ್ಲದರ ಭಾರ ಕೊನೆಗೆ ಬೀಳುವುದು ಒಂದು ಕಾಗದದ ಮೇಲೆ, ಅಂಗವಿಕಲತೆಯ ಪ್ರಮಾಣಪತ್ರದ ಮೇಲೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ‘ವಾಕ್ ಮತ್ತು ಭಾಷಾ ವೈಕಲ್ಯ’ವನ್ನು ಗುರುತಿಸುತ್ತದೆ, ಅದರ ಪರಿಶಿಷ್ಟದಲ್ಲಿ ಅಫೇಸಿಯಾದ ಹೆಸರೇ ಇದೆ. ಇದು ದೊಡ್ಡ ಗೆಲುವು, ಇದರ ಬಗ್ಗೆ ಎಷ್ಟೋ ಕುಟುಂಬಗಳಿಗೆ ಗೊತ್ತೇ ಇಲ್ಲ. ಕಾಯ್ದೆಯ ಹಲವು ಸವಲತ್ತು ಸಿಗಬೇಕಾದರೆ ವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಕೈಕಾಲು ಸರಿಹೋಗಿ, ಭಾಷಾ ಪರೀಕ್ಷೆಯಲ್ಲಿ ಎಂಬತ್ತರ ಆಸುಪಾಸು ಅಂಕ ಪಡೆದ ಶಿಕ್ಷಕರೊಬ್ಬರನ್ನು ಊಹಿಸಿ. ವಸ್ತುಗಳ ಹೆಸರು ಹೇಳುತ್ತಾರೆ, ಸೂಚನೆ ಪಾಲಿಸುತ್ತಾರೆ. ನಲವತ್ತು ಮಕ್ಕಳ ತರಗತಿಯಲ್ಲಿ, ಮೂರು ಮಂದಿ ಒಟ್ಟಿಗೆ ಪ್ರಶ್ನೆ ಕೇಳುವಾಗ ಪಾಠ ಮಾಡಲು ಅವರಿಂದ ಆಗುವುದಿಲ್ಲ. ಕಾಗದ ಅವರನ್ನು ‘ಸೌಮ್ಯ’ ಎನ್ನುತ್ತದೆ, ಕೆಲಸ ಕೈತಪ್ಪುತ್ತದೆ. ಇದಕ್ಕೆ ತಿರುಗುಮುರುಗಾಗಿ, ಬಾಯಲ್ಲಿ ನಾಲ್ಕೇ ಪದ ಉಳಿದ ಕಿರಾಣಿ ಅಂಗಡಿಯವರು ಬೆರಳು, ತಕ್ಕಡಿ, ನೋಟಿನ ನೆರವಿನಿಂದ ಇಡೀ ದಿನದ ವ್ಯಾಪಾರ ತೂಗಿಸಬಲ್ಲರು. ಇವರಿಬ್ಬರನ್ನೂ ನ್ಯಾಯವಾಗಿ ನೋಡಬೇಕೆಂದರೆ ಭಾಷೆಯ ಅಂಕದ ಪಕ್ಕದಲ್ಲಿ ದಿನನಿತ್ಯದ ಸಂವಹನದ ಅಂಕವೂ ಇರಬೇಕು. ಕನ್ನಡಕ್ಕೆ ಇಂಥ ಪರೀಕ್ಷೆ ತರುವಾಗ ದೃಶ್ಯಗಳನ್ನು ಇಲ್ಲಿಂದಲೇ ಎತ್ತಿಕೊಳ್ಳಬೇಕು: ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಕಡಿಮೆ ತೂಗಿದರೆ, ಕಂಡಕ್ಟರ್ ಚಿಲ್ಲರೆ ವಾಪಸು ಕೊಡದಿದ್ದರೆ, ಒಪಿಡಿಯಲ್ಲಿ ಸರದಿ ತಪ್ಪಿಸಿ ಯಾರಾದರೂ ಮುಂದೆ ಹೋದರೆ, ಮದುವೆಮನೆಯಲ್ಲಿ ಬೇಡವೆಂದರೂ ಬಡಿಸಿದರೆ ಏನು ಮಾಡುತ್ತೀರಿ?

ಅಂಥ ಪರೀಕ್ಷೆ ಪ್ರತಿ ಆಸ್ಪತ್ರೆಗೂ ಬರುವವರೆಗೆ ಮನೆಯವರು ಮಾಡಬಹುದಾದದ್ದೂ ಇದೆ. ತಿಂಗಳಿಗೊಮ್ಮೆ, ಅದೇ ಹೊತ್ತಿಗೆ, ಅದೇ ವ್ಯಕ್ತಿಯೊಂದಿಗೆ ಐದು ನಿಮಿಷ ಮಾತಾಡುವುದನ್ನು ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಹಿಡಿದಿಟ್ಟು ಥೆರಪಿಸ್ಟ್‌ಗೆ ತೋರಿಸಿ. ಯಾವ ಪರೀಕ್ಷೆಯಲ್ಲೂ ಕಾಣದ ಬದಲಾವಣೆ ಅದರಲ್ಲಿ ಕಾಣಬಹುದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಕ್ಯು ಬರೆದಿದ್ದರೆ, ಅದರ ಕೆಳಗೆ ಎರಡು ಸಾಲು ಸೇರಿಸಿ ಕೊಡಿ ಎಂದು ಕೇಳಿ. ‘ಬಾಯಲ್ಲಿ ಹೌದು ಎಂದರೆ ನಂಬಬೇಡಿ, ತಲೆಯಾಡಿಸುವುದನ್ನು ನೋಡಿ. ಒಂದು ಪ್ರಶ್ನೆ ಕೇಳಿ, ಹತ್ತು ಸೆಕೆಂಡ್ ಕಾಯಿರಿ, ಸಿಗದಿದ್ದರೆ ಪೆನ್ನು ಕೊಡಿ.’ ಮುಂದಿನ ವಾರ ಅವರನ್ನು ನೋಡುವ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೂ, ಶಿಫ್ಟ್ ಬದಲಾದಾಗ ಬರುವ ನರ್ಸ್‌ಗೂ, ಊರಿನಿಂದ ನೋಡಲು ಬರುವ ಅಣ್ಣತಮ್ಮಂದಿರಿಗೂ ಕೂಡಲೇ ಕೆಲಸಕ್ಕೆ ಬರುವುದು ಈ ಎರಡು ಸಾಲು.